ಕೆಸರನ್ನು ಬಿಟ್ಟ ಲೆಕ್ಕ

ಶನಿವಾರ, ಎರಡನೇ ಪಾಳಿಗೆ ಮುಂಚೆ

ಅಕ್ಕಾ,

ಮಾತು ಬಿಟ್ಟವಳ ಕ್ಷೇಮ ಸಮಾಚಾರ ಕೇಳುವ ನಯ ನನಗಿಲ್ಲ. ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಇದನ್ನು ಕಾರ್ಖಾನೆಯಿಂದ ಇವತ್ತೇ ನಿಮ್ಮ ಕೇಂದ್ರ ಕಚೇರಿಗೆ ಬರುವ ಲಾರಿ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಅಪ್ಪ ದ್ರಾವಕದ ದೊಡ್ಡ ಟ್ಯಾಂಕನ್ನು ತೊಳೆಯಲು ಒಳಗಿಳಿಯುತ್ತಾನೆ. ವಿಷದ ಆವಿ ಹೊರಗೆಳೆಯುವ ಬ್ಲೋವರ್ ಹಚ್ಚಿ ಎಷ್ಟು ಹೊತ್ತು ಕಾಯಬೇಕೆಂದು ನೀನು ಮಾಡಿಕೊಟ್ಟ ಕೋಷ್ಟಕವನ್ನು ನಂಬಿಕೊಂಡೇ. ಆ ಕೋಷ್ಟಕ ತಪ್ಪು.

ಹರಿದು ಹಾಕಬೇಡ, ಪೂರ್ತಿ ಓದು. ನಮ್ಮ ಕಾರ್ಮಿಕ ಸಂಘದ ವಾಚನಾಲಯದ ಕಿರುಹೊತ್ತಿಗೆಗಳನ್ನು ಪೊಟ್ಟಣ ಕಟ್ಟುವ ಕಾಗದ ಎಂದವಳು ನೀನು. ಅನುಕಲನವನ್ನು ನಾನು ಕಲಿತದ್ದು ಅಂಥದೇ ಒಂದರಿಂದ, ಊಟದ ಬಿಡುವಿನಲ್ಲಿ. ಗಣಿತ ಯಾರಪ್ಪನ ಆಸ್ತಿಯೂ ಅಲ್ಲ.

ಟ್ಯಾಂಕಿನಲ್ಲಿ ಆವಿ, ಅಂದರೆ ನಿನ್ನ ಎಕ್ಸ್, ಎಷ್ಟಿದೆಯೋ ಅದಕ್ಕೆ ತಕ್ಕ ವೇಗದಲ್ಲಿ ಇಳಿಯುತ್ತದೆ ಎಂದು ನೀನು ಬರೆದೆ. ಒಂದು ಬೈ ಎಕ್ಸ್‌ನ ಅನುಕಲನ ಮಾಡಿದೆ, ಸ್ವಾಭಾವಿಕ ಲಾಗರಿದಮ್ ಬಂತು. ತಿರುಗಿಸಿದೆ, ಇ-ಯ ಋಣ ಘಾತ ಬಂತು. ಹೊತ್ತು ಹೋದಂತೆ ಸೊನ್ನೆಯ ಕಡೆಗೆ ಜಾರುವ ಚೆಂದದ ಗೆರೆ. ಸ್ಥಿರಾಂಕವನ್ನೂ ಮರೆತಿಲ್ಲ. ಒಂದೊಂದು ಹೆಜ್ಜೆಯೂ ಸರಿ, ಹೊರಟ ಜಾಗವೇ ತಪ್ಪು. ನೀನು ಅಳೆದದ್ದು ತೊಳೆದು ಒಣಗಿಸಿದ ಹೊಸ ಟ್ಯಾಂಕನ್ನು. ನಮ್ಮದರ ತಳದಲ್ಲಿ ಮೊಣಕಾಲು ಮುಳುಗುವ ಕೆಸರಿದೆ, ಅದು ಒಂದೇ ಸಮನೆ ಆವಿ ಬಿಡುತ್ತದೆ. ಆಗ ಛೇದದಲ್ಲಿ ಬರಿಯ ಎಕ್ಸ್ ಇರುವುದಿಲ್ಲ; ಕೆಸರು ಬಿಡುವ ಆವಿಗೂ ಬ್ಲೋವರ್ ಎಳೆಯುವ ಆವಿಗೂ ಇರುವ ವ್ಯತ್ಯಾಸ ಇರುತ್ತದೆ. ಅದರ ಅನುಕಲನವೂ ಲಾಗರಿದಮ್ಮೇ. ಆದರೆ ತಿರುಗಿಸಿದಾಗ ಗೆರೆ ಸೊನ್ನೆಯ ಕಡೆ ಹೋಗುವುದಿಲ್ಲ, ಮೇಲೆಯೇ ನಿಂತುಬಿಡುತ್ತದೆ. ಗಂಟೆ ಕಾದರೂ ಅಷ್ಟೇ, ದಿನ ಕಾದರೂ ಅಷ್ಟೇ. ಸಲಿಕೆ ಹಾಕಿ ಕೆದಕಿದರೆ ಇನ್ನೂ ಏರುತ್ತದೆ.

ಇದು ಬರಿ ಬಾಯಿಮಾತಲ್ಲ. ಅವರು ಆವಿ ಅಳೆಯುವ ಮೀಟರ್ ಹಿಡಿಯುವುದು ಟ್ಯಾಂಕಿನ ಬಾಯಿಯ ಹತ್ತಿರ. ಬ್ಲೋವರ್ ಪೂರ್ತಿ ಹೊತ್ತು ಓಡಿದ ಮೇಲೆ ನಾನು ಅದನ್ನು ಹಗ್ಗ ಕಟ್ಟಿ ತಳಕ್ಕೆ ಇಳಿಸಿ, ಟಾರ್ಚ್ ಬಿಟ್ಟು ನೋಡಿದೆ. ಮುಳ್ಳು ಕೆಂಪು ಪಟ್ಟಿಯಲ್ಲಿ ಹೋಗಿ ನಿಂತದ್ದು ಅಲ್ಲಾಡಲಿಲ್ಲ.

ಹೋದ ಸಲ ಒಳಗಿಳಿದ ವೆಲ್ಡರ್ ನಿನ್ನ ಕೋಷ್ಟಕದ ಹೊತ್ತು ಪೂರ್ತಿ ಕಾದೇ ಇಳಿದದ್ದು. ಈಗ ಆಸ್ಪತ್ರೆಯಲ್ಲಿ ಮಲಗಿ ಸ್ವಂತ ಹೆಂಡತಿಗೇ ‘ಯಾರಮ್ಮ ನೀವು’ ಅನ್ನುತ್ತಾನೆ. ಕುಡಿದು ಇಳಿದಿದ್ದ ಎಂದು ಮ್ಯಾನೇಜರ್ ಷರಾ ಬರೆದ. ಆ ವೆಲ್ಡರ್ ಚಹಾ ಸ್ವಲ್ಪ ಕಡಕ್ ಆದರೂ ನೀರು ಬೆರೆಸಿಕೊಳ್ಳುವ ಪ್ರಾಣಿ. ಸಂಘದವರು ಕೆಲಸ ನಿಲ್ಲಿಸಿ ಎಂದು ಹೋದರೆ ಮ್ಯಾನೇಜರ್ ಗೋಡೆಯ ಕೋಷ್ಟಕದ ಕೆಳಗಿರುವ ನಿನ್ನ ಸಹಿಯತ್ತ ಕೈ ತೋರಿಸುತ್ತಾನೆ.

ಅಪ್ಪನಿಗೆ ಇದನ್ನೆಲ್ಲ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ನಕ್ಕುಬಿಟ್ಟ. “ನೀನು ಪುಸ್ತಕ ಓದೋದಕ್ಕಿಂತ ಅದರ ಜೊತೆ ಜಗಳ ಆಡೋದೇ ಜಾಸ್ತಿ ಕಣೆ. ಅವಳು ಕಾಲೇಜಲ್ಲಿ ಕಲಿತೋಳು,” ಅಂದ. ನಿನ್ನ ಮಾತಾದರೆ ಕೇಳುತ್ತಾನೆ.

ಕೆಸರನ್ನು ಯಾಕೆ ಬಿಟ್ಟೆ ಎಂದು ಕೇಳಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಅಪ್ಪನ ಬೂಟಿನಿಂದ ಅದನ್ನು ಕೆರೆದು ತೆಗೆಯುವ ಸರದಿ ನಿನ್ನದೂ ಇತ್ತಲ್ಲ. ಅದರ ವಾಸನೆಗೆ ನಾವಿಬ್ಬರೂ ಮೂಗು ಮುಚ್ಚಿಕೊಳ್ಳುತ್ತಿದ್ದೆವಲ್ಲ. ಆ ಕಚೇರಿಯ ಗಾಜಿನ ಕೋಣೆಯಲ್ಲಿ ಕೂತರೆ ತಳ ಅನ್ನುವುದೇ ಮರೆತುಹೋಗುತ್ತದೆಯೇ?

ಭಾನುವಾರ ಸಂಜೆಯೊಳಗೆ ಮ್ಯಾನೇಜರಿಗೆ ಫೋನ್ ಮಾಡು. ಕೋಷ್ಟಕ ತಪ್ಪು, ತೆಗೆದುಹಾಕಿ ಅನ್ನು. ನಿನ್ನ ಕೆಲಸ ಹೋಗಬಹುದು, ಹೋಗಲಿ. ಮನೆಗೆ ಬಾ. ನನ್ನ ಹಾಸಿಗೆ ನಿನಗೆ ಬಿಡುತ್ತೇನೆ.

ನಿನ್ನ ತಂಗಿ,
ಜಗಳಗಂಟಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಪ್ಪ ನಗಲಿಲ್ಲ, ಆ ಮಾತೂ ಆಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಪ್ರತಿ ಸಾಲಿಗೂ ಪ್ರಶ್ನೆ ಕೇಳಿದ. ಗೆರೆ ನಿಂತ ಜಾಗದ ಮೇಲೆ ಬೆರಳಿಟ್ಟ. ಆಮೇಲೆ ಬರಿಗೈಯಿಂದಲೇ ಎಲ್ಲ ಒರೆಸಿ ಹೇಳಿದ: “ನಾನು ಇಳಿಯಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಆಗ ದೊಡ್ಡವಳ ಹೆಸರು ಹೇಳ್ಬೇಕಾಗುತ್ತೆ. ನೀನೂ ಹೇಳ್ಬೇಡ ಕಣೆ.”