ಆಗ್ಡನ್ ಅವರ ಆರು ಕಂಬಗಳು

ರೋಚ್‌ಡೇಲ್, ೧೯೧೩

ಮೀನಿನಂಗಡಿಯಿಂದ ಎದ್ದುಬಂದು ಊರಿನ ಸಮಸ್ತ ಕತ್ತಲೆಗೂ ಒಡೆಯರಾಗಲಿರುವ, ಚಿತ್ರಮಂದಿರ ಚಕ್ರವರ್ತಿ ಶ್ರೀಮಾನ್ ಆಗ್ಡನ್ ಮಹಾಸ್ವಾಮಿಗಳ ಪಾದಗಳಿಗೆ ತಮ್ಮ ವಾಸ್ತುಶಿಲ್ಪಿಯ ಅನಂತ ನಮಸ್ಕಾರಗಳು.

ಸಭಾಂಗಣದೊಳಗೆ ಆರು ಕಂಬ ಬೇಕೆಂದು ತಾವು ಮತ್ತೆ ಅಪ್ಪಣೆ ಕೊಡಿಸಿದ್ದೀರಿ. ಬಾಲ್ಕನಿಯನ್ನು ಉಕ್ಕಿನ ತೊಲೆಯೇ ಹೊರುತ್ತದೆ ಎಂದರೆ, "ಕಂಬ ಇಲ್ದಿದ್ರೆ ಜನ ಗೋದಾಮು ಅಂತಾರೆ ಕಣಯ್ಯಾ, ದಪ್ಪ ದಪ್ಪದ್ದೇ ನಿಲ್ಸು" ಎನ್ನುತ್ತೀರಿ. ಬೋಲ್ಟನ್ನಿನಲ್ಲಿ ನಾನು ಕಟ್ಟಿದ ಮೊದಲ ಚಿತ್ರಮಂದಿರದ ಯಜಮಾನರೂ ಹೀಗೇ ಹಠ ಹಿಡಿದಿದ್ದರು. ಅಲ್ಲಿ ಗಿರಣಿಯ ಹೆಂಗಸೊಬ್ಬಳು ನನ್ನನ್ನು ತಡೆದು, "ತೆರೆ ಮೇಲೆ ಕುದುರೆ ತಲೆ ಈ ಕಡೆ, ಬಾಲ ಆ ಕಡೆ, ಮಧ್ಯ ಪೂರ್ತಿ ನಿನ್ನ ಕಂಬ. ಮೊದ್ಲು ದನದ ಕೊಟ್ಟಿಗೆ ಕಟ್ತಿದ್ದೇನಪ್ಪಾ?" ಎಂದಳು. ಹೌದು, ಕಟ್ಟುತ್ತಿದ್ದೆ. ಈ ಮಂದಿರಕ್ಕೂ ಅದೇ ಹೆಸರು ಬಂದರೆ ನನಗೆ ಮತ್ತೆ ಕೊಟ್ಟಿಗೆಗಳೇ ಗತಿ.

ಆದ್ದರಿಂದ ಕಂಬಗಳನ್ನು ಬಾಗಿಲಿನ ಹೊರಗೆ ನಿಲ್ಲಿಸಲು ಅನುಮತಿ ಕೊಡಿ. ಎಷ್ಟು ದಪ್ಪವಾದರೂ ಸರಿ.

ತಮ್ಮ ಆಜ್ಞಾಧಾರಕ,
ಸಿರಿಲ್ ಹಾರ್ಗ್ರೀವ್ಸ್

ತಾ.ಕ.: ಹಿಂದಿನ ಸಾಲಿನ ಮುಂದಿರುವ ಒಂದು ಕಂಬ ಮಾತ್ರ ಒಳಗೇ ಇರಲಿ. ಬೋಲ್ಟನ್ನಿನ ಅಂಥದೇ ಕಂಬದ ಮರೆಯಲ್ಲಿ ಕೂತು ತಮ್ಮ ಮಗಳು ಮೇಬಲ್ ಮತ್ತು ನಾನು ಎಷ್ಟೋ ಚಿತ್ರಗಳಿಗೆ ಹಾಜರಾಗಿದ್ದೇವೆ; ಒಂದನ್ನೂ ನೋಡಿಲ್ಲ.