ಹಫೀಜನ ವೈರ್‌ಮನ್ ಪರವಾನಗಿ ಮತ್ತು ಸತ್ತವರ ಮನೆಯವರು

ವೈರ್‌ಮನ್ ಪರವಾನಗಿ ನೀಡುವ ಅಧಿಕಾರಿಗಳಿಗೆ,

ಮಾನ್ಯರೇ, ನಾನು ಹೇಳುವುದು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ನೀವು ಕೌಂಟರಿನ ಕಿಟಕಿ ಮುಚ್ಚಿದಿರಿ. ಮಣ್ಣೂರಿನ ಹಫೀಜನ ಅರ್ಜಿಯನ್ನು ಯಾಕೆ ತಿರಸ್ಕರಿಸಿದಿರಿ ಎಂದು ನಿನ್ನೆ ಕೇಳಿದೆ. ‘ಅಂವಾ ಜೈಲಿಗಿ ಹೋಗಿ ಬಂದಾನ್ರಿ. ನಾಳಿ ಸತ್ತವರ ಮನಿಯವ್ರು ಬಂದು ಕೇಳಿದ್ರ ನಾ ಏನ್ ಹೇಳ್ಲಿ? ನೀವೇನು ಅವನ ವಕೀಲರೇನ್ರಿ?’ ಎಂದಿರಿ. ಸಾಲಿನಲ್ಲಿದ್ದವರು ನಕ್ಕರು. ನಾನು ಹೊರಗೆ ಬಂದುಬಿಟ್ಟೆ.

ಸತ್ತವರ ಮನೆಯವನು ನಾನೇ.

ಆರು ವರ್ಷದ ಹಿಂದೆ ಅಫಜಲಪುರದಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಿದ್ದ ನನ್ನ ಹೆಂಡತಿ ಗಂಗುಬಾಯಿಗೆ ಹಫೀಜ ಓಡಿಸುತ್ತಿದ್ದ ಟಂಟಂ ಆಟೊ ಬಡಿಯಿತು. ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ಎರಡು ವರ್ಷ ಒಳಗಿದ್ದ. ಅಲ್ಲಿ ಸರ್ಕಾರವೇ ಅವನಿಗೆ ವೈರಿಂಗ್ ಕಲಿಸಿತು, ಪರೀಕ್ಷೆ ಮಾಡಿತು, ಮೊಹರು ಒತ್ತಿ ಸರ್ಟಿಫಿಕೇಟನ್ನೂ ಕೊಟ್ಟಿತು. ಈಗ ಅದೇ ಸರ್ಕಾರದ ಇನ್ನೊಂದು ಮೇಜು, ಕಲಿತದ್ದನ್ನು ಮಾಡಕೂಡದು ಎನ್ನುತ್ತಿದೆ. ಹಾಗಾದರೆ ಕಲಿಸಿದ್ದು ಹೊತ್ತು ಹೋಗಲೆಂದೇ? ಡಿಗ್ರಿ ಓದುವಾಗ ‘ನೆಕ್ಸಸ್’ ಎಂಬ ಪದವೊಂದನ್ನು ಹೇಳಿಕೊಟ್ಟಿದ್ದರು. ತಪ್ಪಿಗೂ ನಿರ್ಬಂಧಕ್ಕೂ ನೆಕ್ಸಸ್, ಅಂದರೆ ನೇರ ಸಂಬಂಧ, ಇರಬೇಕು ಎಂದೋ ಏನೋ. ಪೂರ್ತಿ ವಾಕ್ಯ ಮರೆತಿದ್ದೇನೆ, ಪರೀಕ್ಷೆಯಲ್ಲೂ ಮರೆತಿದ್ದೆ. ಅವನಿಗೆ ಗಾಡಿ ಓಡಿಸುವ ಲೈಸೆನ್ಸ್ ಕೊಡಬೇಡಿ, ನಾನು ತುಟಿ ಎರಡು ಮಾಡುವುದಿಲ್ಲ. ಆದರೆ ವೈರಿಂಗ್ ಏನು ಮಾಡಿತ್ತು?

ಹೋದ ತಿಂಗಳು ನಿಂಬರ್ಗಾದ ನಮ್ಮ ಮನೆಯಲ್ಲಿ ಬಚ್ಚಲಿನ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಆಳಂದದ ದತ್ತಪ್ಪನಿಗೆ ಫೋನು ಮಾಡಿದೆ. ನಮ್ಮ ಮನೆಯ ವೈರಿಂಗ್ ಮಾಡಿಸಿದವನು ಅವನೇ, ನಿಮ್ಮದೇ ಪರವಾನಗಿ ಉಳ್ಳವನು. ಅವನು ಬರಲಿಲ್ಲ, ಆಳು ಕಳಿಸಿದ. ಬಾಗಿಲು ತೆಗೆದರೆ ಎದುರಿಗೆ ಹಫೀಜ.

‘ಸರ್ರ, ನಿಮ್ಮ ಮನಿ ಅಂತ ಗೊತ್ತಿರ್ಲಿಲ್ರಿ. ಹೋಗ್ತೇನ್ರಿ, ಬ್ಯಾರೆದವ್ರಿಗಿ ಕಳಸ್ತೇನಿ.’

‘ಬ್ಯಾರೆದಂವಾ ಬರೂತನಕ ನಾ ಜಳಕಾ ಬಿಡ್ಲೇನು? ಬಂದೀ ಅಲ್ಲ, ನೋಡು.’

ಒಂದು ತಾಸು ನೋಡಿದ. ಆಮೇಲೆ ಹಿತ್ತಲಿಗೆ ಕರೆದ. ‘ಕರೆಂಟ್ ನೆಲಕ್ಕ ಇಳಿಸೂ ಅರ್ಥಿಂಗ್ ವಾಯರು ಬರೇ ಮಣ್ಣಾಗ ಚುಚ್ಚಿ ಬಿಟ್ಟಾರ್ರಿ. ಕೆಳಗ ಪ್ಲೇಟ್ ಇಲ್ಲ, ಏನಿಲ್ಲ. ಇಷ್ಟ ದಿನ ಹ್ಯಾಂಗ ಉಳದ್ರಿ ನೀವು?’

ಆ ಚುಚ್ಚಿದ ತಂತಿಗೆ ‘ಸರಿಯಾಗಿದೆ’ ಎಂದು ದತ್ತಪ್ಪನ ಸಹಿ ಇದೆ, ನಿಮ್ಮ ಕಚೇರಿಯ ಮೊಹರೂ ಇದೆ. ಹಫೀಜ ಆಳುದ್ದ ಗುಂಡಿ ತೋಡಿ ಪ್ಲೇಟ್ ಇಟ್ಟ. ಅದರ ಸುತ್ತ ತುಂಬಲು ಉಪ್ಪು, ಇದ್ದಿಲು ನಾನೇ ತಂದೆ. ಇಷ್ಟು ಉಪ್ಪು ಯಾಕೆ, ಉಪ್ಪಿನಕಾಯಿಗೇನು ಎಂದು ಅಂಗಡಿಯವನು ಕಿಚಾಯಿಸಿದ. ಆ ಕೆಲಸಕ್ಕೂ ಸಂಜೆ ಸಹಿ ಬಿದ್ದದ್ದು ದತ್ತಪ್ಪನದು, ಆಳಂದದಲ್ಲಿ ಕೂತಲ್ಲೇ. ಅಂದರೆ ಹಫೀಜನ ಕೈ ನಮ್ಮ ಮನೆಗಳ ಗೋಡೆಯೊಳಗೆ ಆಗಲೇ ಬಂದಿದೆ, ಮಾನ್ಯರೇ. ಹೆಸರು ಮಾತ್ರ ಬರಕೂಡದು. ನಾಳೆ ಏನಾದರೂ ಸುಟ್ಟರೆ ನೀವು ಯಾರನ್ನು ಹುಡುಕುತ್ತೀರಿ? ಇದರಲ್ಲಿ ನಿಮ್ಮ ಕಚೇರಿಗಳು ಹೇಳುವ ‘ಪಬ್ಲಿಕ್ ಇಂಟರೆಸ್ಟ್’, ಜನರ ಹಿತ, ಎಲ್ಲಿದೆ?

ನಾನು ಅವನನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಅವನು ಗುಂಡಿ ತೋಡುವಾಗ ಅವನ ಕೈಯನ್ನೇ ನೋಡುತ್ತ ನಿಂತಿದ್ದೆ, ಗಾಡಿ ಓಡಿಸುತ್ತ ಫೋನು ಹಿಡಿದಿದ್ದ ಕೈ ಅದೇ. ಗಂಗುಬಾಯಿ ಇದ್ದಿದ್ದರೆ ಏನೆನ್ನುತ್ತಿದ್ದಳೋ ತಿಳಿಯದು, ಎಷ್ಟು ಯೋಚಿಸಿದರೂ ತಿಳಿಯದು. ಆದರೆ ನನ್ನ ದುಃಖವನ್ನು ನಿಮ್ಮ ಕಡತದಲ್ಲಿ ಕಾರಣವೆಂದು ಬರೆಯಲು ನಿಮಗೆ ಒಪ್ಪಿಗೆ ಕೊಟ್ಟವರು ಯಾರು?

ಜೇವರ್ಗಿಯ ದಾಲ್ ಮಿಲ್ಲೊಂದರಲ್ಲಿ ಅವನಿಗೆ ಕಾಯಂ ಕೆಲಸ ಸಿಗುವುದಿದೆ. ಇದನ್ನೂ ಅರ್ಜಿ ತಿರಸ್ಕೃತವಾದದ್ದನ್ನೂ ಅಂದು ಕೇಳಿದಾಗ ಅವನೇ ಹೇಳಿದ. ಈ ತಿಂಗಳ ಕೊನೆಯೊಳಗೆ ಪರವಾನಗಿ ತೋರಿಸದಿದ್ದರೆ ಅದು ಇನ್ನೊಬ್ಬರ ಪಾಲು. ಆದ್ದರಿಂದ ಅರ್ಜಿಯನ್ನು ಮತ್ತೆ ತೆರೆಯಿರಿ. ಅವನನ್ನು ಕರೆಸಿ, ಕೆಲಸ ಮಾಡಿಸಿ ನೋಡಿ. ಕೆಲಸ ಬಾರದಿದ್ದರೆ ಹಾಗೆಂದೇ ಬರೆದು ತಿರಸ್ಕರಿಸಿ, ನಾನು ತಕರಾರು ಮಾಡುವುದಿಲ್ಲ.

ಇನ್ನೂ ಹೇಳುವುದಿತ್ತು. ಹೊತ್ತು ಮುಳುಗಿತು, ಕರೆಂಟೂ ಹೋಗಿದೆ, ಬರೆದ ಸಾಲಿನ ಮೇಲೆಯೇ ಪೆನ್ನು ಹೋಗುತ್ತಿದೆ.

ಇಂತಿ,
ಇಷ್ಟೆಲ್ಲ ಬರೆದೂ, ಅಂದು ಅವನಿಗೆ ಒಂದು ಕಪ್ ಚಹಾ ಕೊಡಲಾಗದವನು,
ಜಗದೇವಪ್ಪ, ನಿಂಬರ್ಗಾ