ಮೂರು ಭಾನುವಾರದ ಮದ್ದು

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಭಾನುವಾರ, 24 ನವೆಂಬರ್ 2024

ಚಿರಂಜೀವಿ ಸೌಭಾಗ್ಯವತಿ ಶಿರೀಷಾ,

ನಿನ್ನ ಅತ್ತೆ ಓಬಳಮ್ಮ ಬರೆಯುತ್ತಿದ್ದೇನೆ. ಚೆನ್ನಾಗಿದ್ದೀಯಾ ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳದೆ ಇರಲಾರೆ. ನೀನು ಗೌರಿಬಿದನೂರಿಗೆ ಹೋಗಿ ಇವತ್ತಿಗೆ ಹದಿನೈದು ದಿನ. ಈ ಕಾಗದವನ್ನು ಎರಡನೇ ದಿನವೇ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ಅಂಗನವಾಡಿಯಲ್ಲಿ ಇಪ್ಪತ್ತೇಳು ವರ್ಷದಿಂದ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳಿಗೆ ಸೊಸೆಗೆ ಒಂದು ಪುಟ ಬರೆಯಲು ಕೈ ಬರಲಿಲ್ಲ ನೋಡು. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ಇನ್ನೇನಾದರೂ ಒದರಿ ಇದ್ದದ್ದನ್ನೂ ಕೆಡಿಸುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ನಾಳೆ ಮುರಳಿ ಅಲ್ಲಿಗೆ ಬರುವಾಗ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಲಕೋಟೆ ಅಂಟಿಸಿರುತ್ತೇನೆ. ನಿನ್ನ ಗಂಡನಾದರೂ ಅವನು ಇದನ್ನು ಓದಕೂಡದು.

ಇಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದಿವೆ. ಇನ್ನೊಂದು ವಾರ ಅವಕ್ಕೆ ಹೊಟ್ಟೆ ತುಂಬುವುದೇ ಇಲ್ಲ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಕೊಯ್ಯುವ ಮುನಿಗಂಗಮ್ಮ ದಿನಾ ಕೇಳುತ್ತಾಳೆ, "ಸಣ್ಣಮ್ಮ ಯಾವಾಗ ಬರ್ತಾರಮ್ಮ?" ಎಂದು. "ಬರ್ತಾಳೆ ಬಿಡೇ, ನೀನು ಸೊಪ್ಪು ಕೊಯ್ಯಿ" ಎನ್ನುತ್ತೇನೆ. ಮುದ್ದೇನಹಳ್ಳಿಯಿಂದ ನಿನ್ನ ಶಾಲೆಯ ಹೆಡ್‌ಮಿಸ್ ಫೋನ್ ಮಾಡಿದ್ದರು. ನೀನಿಲ್ಲದೆ ಏಳನೇ ಕ್ಲಾಸಿನವರಿಗೆ ಲೆಕ್ಕದ ಪಾಠ ನಿಂತುಹೋಗಿದೆಯಂತೆ. ಹುಷಾರಿಲ್ಲ, ಹುಷಾರಾದ ಮೇಲೆ ಬರುತ್ತಾಳೆ ಎಂದೆ. ಏನು ಹುಷಾರಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆದರೆ ನಾಲ್ಕನೇ ಕಾಗದವನ್ನೂ ಹರಿಯಬೇಕಾಗುತ್ತದೆ.

ದಸರಾ ಮಾರನೆಯ ದಿನ ನಿನ್ನನ್ನು ಪೆರೇಸಂದ್ರದ ಆಚೆ ನಾಟಿ ಮದ್ದು ಕೊಡುವ ಕೋನಪ್ಪನ ಹತ್ತಿರ ಕರೆದುಕೊಂಡು ಹೋದವಳು ನಾನು. ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಾಗುವ ಮದ್ದು ಒಂದು ಸಲ ಕುಡಿಸಿಬಿಡೋಣ ಎಂದು ಯಾರೋ ಹೇಳಿದ್ದಲ್ಲ, ನನಗೇ ಹೊಳೆದದ್ದು. ಮೂರು ಭಾನುವಾರ ತಲೆಗೆ ಸ್ನಾನ ಮಾಡಿಕೊಂಡು, ಬರಿಹೊಟ್ಟೆಯಲ್ಲಿ, ಹಸುವಿನ ಹಾಲಿನಲ್ಲಿ ಅರೆದ ಬೇರು. ಅದಕ್ಕೆ ಒಂದು ಮಂಡಲ ಪಥ್ಯ: ನಲವತ್ತೆಂಟು ದಿನ ಹುಣಸೆಹಣ್ಣು ಇಲ್ಲ, ಬದನೆಕಾಯಿ ಇಲ್ಲ, ಸಾಸಿವೆ ಇಲ್ಲ, ಇಂಗ್ಲಿಷ್ ಔಷಧಿ ಒಂದು ಚೂರೂ ಇಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನೀನು ಕಿಟಕಿಯ ಆಚೆ ನೋಡುತ್ತಾ ಕೇಳಿದೆ, "ಅತ್ತಮ್ಮಾ, ಯಾವ ಮಾತ್ರೆನೂ ತಗೋಬಾರ್ದಾ?" ನಾನು ನಕ್ಕೆ. "ತಲೆನೋವಿಗೂ ಇಲ್ಲ ಕಣಮ್ಮ. ನಲವತ್ತೆಂಟು ದಿನ ತಡ್ಕೊಳ್ಳೋಕಾಗಲ್ವಾ? ಮಗು ಬೇಕು ಅಂದ್ರೆ ಅಷ್ಟು ಮಾಡ್ಬೇಕಪ್ಪ" ಎಂದೆ. ನೀನು ಸುಮ್ಮನಾದೆ. ಆ ಸುಮ್ಮನಾದದ್ದನ್ನು ಒಪ್ಪಿಗೆ ಅಂದುಕೊಂಡೆ. ನಾನು ಮುಖ ತಿರುಗಿಸಿ ಒಂದು ಸಲ ನಿನ್ನನ್ನು ನೋಡಿದ್ದರೆ ಸಾಕಿತ್ತು.

ಅಂಗನವಾಡಿಯಲ್ಲಿ ಬಸುರಿಯರನ್ನು ಸಾಲಾಗಿ ಕೂರಿಸಿ ರಕ್ತದ ಮಾತ್ರೆ ಕೊಟ್ಟು, "ನನ್ನ ಮುಂದೆನೇ ನುಂಗ್ರಮ್ಮ, ಮನೇಗೆ ತಗೊಂಡ್ಹೋಗಿ ತಿಪ್ಪೆಗೆ ಹಾಕ್ಬೇಡ್ರಿ" ಎಂದು ಗದರುವವಳು ನಾನು. ನನ್ನ ಮನೆಯಲ್ಲೇ ಒಬ್ಬಳು ಏಳು ವರ್ಷದಿಂದ ನುಂಗುತ್ತಿದ್ದ ಮಾತ್ರೆಯನ್ನು ನನ್ನ ಮಾತಿಗೆ ಒಂದೇ ದಿನದಲ್ಲಿ ನಿಲ್ಲಿಸಿದಳು. ಇದನ್ನು ಯಾರಿಗೆ ಹೇಳಿದರೂ ನನ್ನ ಮುಖಕ್ಕೆ ಉಗಿಯುತ್ತಾರೆ.

ಐದಾರು ದಿನಕ್ಕೇ ನಿನಗೆ ತಲೆ ಸುತ್ತು ಶುರುವಾಯಿತು. ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತದೆ ಎಂದೆ. ಬೆವರುತ್ತಿದ್ದೆ, ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಅಳುತ್ತಿದ್ದೆ. ಏನಾಯಿತು ಎಂದರೆ "ಏಮೀ ಲೇದು ಅತ್ತಮ್ಮಾ, ಏನೂ ಇಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದೆ. ನಾನು ಕೋನಪ್ಪನಿಗೆ ಫೋನ್ ಮಾಡಿದೆ. "ಮದ್ದು ಹಿಡೀತಾ ಐತೆ ತಾಯಿ, ಹೆದರ್ಬೇಡಿ" ಎಂದ. ನನಗೆ ಖುಷಿಯಾಯಿತು ಶಿರೀಷಾ. ನೀನು ಒಳಗೆ ಬೇಯುತ್ತಿದ್ದೆ, ನಾನು ಹೊರಗೆ ಖುಷಿಪಡುತ್ತಿದ್ದೆ. ಎರಡನೇ ಭಾನುವಾರವೂ ಕುಡಿಸಿದೆ, ಮೂರನೆಯದೂ ಕುಡಿಸಿದೆ. ಲೋಟದಲ್ಲಿ ಒಂದು ಹನಿ ಉಳಿಯದ ಹಾಗೆ ನೋಡಿಕೊಂಡೆ.

ದೀಪಾವಳಿಯಾಗಿ ಒಂದು ವಾರಕ್ಕೆ ನೀನು ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕೂತೆ. ಎರಡು ಗಂಟೆ. ಕೂಗಿದರೆ ಉತ್ತರವಿಲ್ಲ. ಮುರಳಿ ಕಾಲೇಜಿನ ಕೆಲಸ ಬಿಟ್ಟು ಓಡಿ ಬಂದು ಬಾಗಿಲು ಒದ್ದು ತೆಗೆದ. ನೀನು ಗೋಡೆ ನೋಡಿಕೊಂಡು ಕೂತಿದ್ದೆ, ಒದ್ದೆ ನೆಲದ ಮೇಲೆ. ಹುಟ್ಟಿದಾಗಿನಿಂದ ನನ್ನ ಎದುರು ಧ್ವನಿ ಎತ್ತದ ಮಗ ಅವತ್ತು ಕಿರುಚಿದ. "ಅಮ್ಮಾ, ಅವ್ಳು ಡಿಪ್ರೆಶನ್‌ಗೆ ಮಾತ್ರೆ ತಗೋತಾ ಇದ್ಲು! ಏಳು ವರ್ಷದಿಂದ! ನಿನ್ನ ಪಥ್ಯಕ್ಕೋಸ್ಕರ ನಂಗೂ ಹೇಳ್ದೆ ನಿಲ್ಲಿಸಿದ್ದಾಳೆ!" ಎಂದು ಬೀರುವಿನಿಂದ ಡಬ್ಬಿ ತಂದು ನನ್ನ ಮುಂದೆ ಹಿಡಿದ.

ಆಮೇಲೆ ನಾನು ಆಡಿದ ಮಾತನ್ನು ನಾನೇ ಬರೆಯುತ್ತೇನೆ. ನೀನು ಅದನ್ನು ನೆನೆದುಕೊಳ್ಳುವ ಶ್ರಮ ಬೇಡ. "ಹುಚ್ಚಿನ ಮಾತ್ರೆ ತಿನ್ನೋಳ್ನ ನಮ್ಮ ಮನೇಗೆ ಕಟ್ಟಿದ್ರಾ?" ಎಂದೆ. ನೀನು ಕೇಳಿಸಿಕೊಂಡೆ, ತಲೆ ಎತ್ತಿ ನೋಡಿದೆ. ಎರಡು ದಿನ ಕಳೆದು ನಿಮ್ಮಪ್ಪ ಕಾರು ತಂದರು. ನಾನು ನಡುಮನೆಯಿಂದ ಆಚೆ ಬರಲಿಲ್ಲ. ತಪ್ಪಾಯಿತು ಕಣಮ್ಮ. ವಯಸ್ಸಿನಲ್ಲಿ ದೊಡ್ಡವಳು ಎಂದು ಇದಕ್ಕೆ ಇನ್ನೊಂದು ಮಾತು ಸೇರಿಸುವುದಿಲ್ಲ. ತಪ್ಪಾಯಿತು.

ಆ ಡಬ್ಬಿಯ ವಿಷಯ ನಿನ್ನ ಮಾವನಿಗೂ ಹೇಳಿದೆ. ಅವರು ಪೇಪರ್ ಓದುತ್ತಿದ್ದರು. "ನಾನೂ ಹನ್ನೆರಡು ವರ್ಷದಿಂದ ಬಿ.ಪಿ. ಮಾತ್ರೆ ನುಂಗ್ತಾ ಇದೀನಿ. ನನ್ನನ್ನ ಯಾರ ಮನೇಗೆ ಕಳಿಸ್ತೀಯಾ?" ಎಂದರು. ಮೂವತ್ತೈದು ವರ್ಷದಲ್ಲಿ ಚನ್ನಕೇಶವಯ್ಯನವರು ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು. ಅವರ ಮುಂದೆ ಹಾಗೆಂದು ಹೇಳಬೇಡ, ಹಿಗ್ಗಿಹೋಗುತ್ತಾರೆ.

ಹೋದ ಮಂಗಳವಾರ ಮುರಳಿಯ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿ ನಿನ್ನ ಡಾಕ್ಟರಮ್ಮನನ್ನು ನೋಡಿದೆ. ಮೊದಲೇ ಕೈ ಅಡ್ಡ ಹಿಡಿದರು. "ನಿಮ್ಮ ಸೊಸೆ ವಿಷಯ ಅವರಿಲ್ದೆ ನಾನು ಮಾತಾಡಲ್ಲಮ್ಮ. ನೀವು ಏನಾದ್ರೂ ಕೇಳೋದಿದ್ರೆ ಕೇಳಿ, ಎಲ್ಲರಿಗೂ ಹೇಳೋದನ್ನೇ ನಿಮ್ಗೂ ಹೇಳ್ತೀನಿ" ಎಂದರು. ನನಗೆ ಅದು ಹಿಡಿಸಿತು. ಮದ್ದಿನ ಕತೆ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಮಗು ಬೇಕು ಅನ್ನೋರು ಮುಂಚೆನೇ ಬಂದು ಕೇಳೋದೇ ಒಳ್ಳೇದು" ಎಂದರು. "ಕೆಲವು ಮಾತ್ರೆ ಬದಲಾಯಿಸ್ಬೇಕಾಗುತ್ತೆ, ಕೆಲವು ಮುಂದುವರಿಸ್ಬಹುದು, ಕೆಲವರಿಗೆ ನಿಧಾನವಾಗಿ ಕಮ್ಮಿ ಮಾಡ್ಬಹುದು. ಒಬ್ಬೊಬ್ಬರದು ಒಂದೊಂದು ಥರ. ಆದ್ರೆ ತಾವಾಗೇ ಒಂದೇ ದಿನಕ್ಕೆ ನಿಲ್ಲಿಸ್ಬಾರ್ದು." ನಾನು ಕೇಳಿದೆ, "ಮಾತ್ರೆಯಿಂದ ಮಗೂಗೆ ಏನೂ ಆಗಲ್ವಾ ಡಾಕ್ಟ್ರೇ?" ಅವರು ಪೆನ್ನು ಕೆಳಗಿಟ್ಟರು. "ಏನೂ ಆಗಲ್ಲ ಅಂತ ಯಾವ ಮಾತ್ರೆಗೂ ಬರ್ಕೊಡೋಕಾಗಲ್ಲಮ್ಮ. ತಾಯಿ ಕಾಯಿಲೆ ಬಿದ್ರೂ ಮಗೂಗೆ ತೊಂದ್ರೆನೇ ಅಲ್ವಾ? ಎರಡನ್ನೂ ತೂಗಿ ನೋಡಿ, ಅವರ ಜೊತೆ ಕೂತು ತೀರ್ಮಾನ ಮಾಡ್ತೀವಿ. ಹೆರಿಗೆ ಆದ್ಮೇಲೂ ಅಷ್ಟೇ ಹುಷಾರಾಗಿ ನೋಡ್ಕೋಬೇಕು" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಮುರಳಿ ಮಿಕ್ಕದ್ದನ್ನು ಹೇಳಿದ. ನೀವಿಬ್ಬರೂ ಉಗಾದಿಯ ಹೊತ್ತಿಗೇ ಹೋಗಿ ಕೇಳಿದ್ದಿರಂತೆ. ಹಳೆಯ ಮಾತ್ರೆಯನ್ನು ನಿಧಾನವಾಗಿ ಬಿಡಿಸಿ ಬೇರೆಯದಕ್ಕೆ ತಂದು, ಆರು ತಿಂಗಳು ಚೆನ್ನಾಗಿದ್ದರೆ ಆಮೇಲೆ ಮಗುವಿನ ಯೋಚನೆ ಮಾಡಿ ಎಂದಿದ್ದರಂತೆ. ಐದು ತಿಂಗಳು ಮುಗಿದಿತ್ತಂತೆ. ನಿನ್ನ ಪಾಡಿಗೆ ನಿನ್ನನ್ನು ಬಿಟ್ಟಿದ್ದರೆ ಇನ್ನೊಂದು ತಿಂಗಳು ಬೇಕಿತ್ತು, ಅಷ್ಟೇ. ಆ ಒಂದು ತಿಂಗಳನ್ನು ನಾನು ಬೇರು ಅರೆದು ಕುಡಿಸಿ ಹಾಳು ಮಾಡಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕಡಲೆಕಾಯಿ ಮಾರುವವಳು ನನಗೆ ನೀರು ಕೊಟ್ಟಳು.

ಈಗ ನನ್ನ ಹೆದರಿಕೆ ಆಗಿಹೋದದ್ದಕ್ಕಲ್ಲ. ನೀನು ಇನ್ನೂ ಮಾತ್ರೆ ಶುರು ಮಾಡಿಲ್ಲ ಎಂದು ಮುರಳಿ ಹೇಳಿದ. ಡಾಕ್ಟರ ಹತ್ತಿರಕ್ಕೂ ಹೋಗಿಲ್ಲವಂತೆ. "ಹೇಗೂ ನಿಂತಿದೆ, ನಿಂತೇ ಇರ್ಲಿ. ಮಗು ಮಾತ್ರೆ ಇಲ್ದೆನೇ ಹುಟ್ಲಿ, ಆಗ ಯಾರೂ ಏನೂ ಅನ್ನಲ್ಲ" ಎಂದೆಯಂತೆ. ಆ 'ಯಾರೂ' ಎಂದರೆ ನಾನೇ ಎಂದು ನನಗೆ ಗೊತ್ತು. ನಾನು ಆಡಿದ ಒಂದು ಮಾತಿಗೆ ನೀನು ನಿನ್ನ ಮೈಯನ್ನೇ ಪಣಕ್ಕಿಡುತ್ತಿದ್ದೀಯ. ಫೋನ್ ಬಡಿದುಕೊಂಡರೆ ಸಾಕು, ಗೌರಿಬಿದನೂರಿನದೇ ಏನೋ ಎಂದು ಸೊಪ್ಪು ಬಿಟ್ಟು ಓಡುತ್ತೇನೆ. ನಿಮ್ಮ ಮನೆಯ ಬಚ್ಚಲಿಗೂ ಚಿಲಕ ಇದೆಯೇ ಎಂದು ಮೊನ್ನೆ ಮುರಳಿಯನ್ನು ಕೇಳಿದೆ. ಅವನು ಎದ್ದು ಹೋದ. ನಿಮ್ಮಮ್ಮನಿಗೆ ಹೇಳು, ಸ್ವಲ್ಪ ದಿನ ನಿನ್ನನ್ನು ಒಬ್ಬಳನ್ನೇ ಬಿಡುವುದು ಬೇಡ. ಅವರಿಗೆ ಹೇಳಲು ನಿನಗೆ ಸಂಕೋಚವಾದರೆ ಈ ಸಾಲನ್ನು ಅವರಿಗೆ ತೋರಿಸು.

ಬರುವ ಗುರುವಾರ ಹನ್ನೊಂದು ಗಂಟೆಗೆ ಡಾಕ್ಟರಮ್ಮನ ಹತ್ತಿರ ಮುರಳಿ ಟೈಮ್ ತೆಗೆದುಕೊಂಡಿದ್ದಾನೆ. ಹೋಗು ಶಿರೀಷಾ. ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ನೀನೂ ಅವರೂ ಕೂತು ಮಾತಾಡಿಕೊಳ್ಳಿ. ನಾನು ಅದರ ಮಧ್ಯೆ ಬರುವುದಿಲ್ಲ. ನಾನು ಬರಲಿ ಎಂದರೆ ಬಂದು ಹೊರಗೆ ಕೂರುತ್ತೇನೆ, ಬೇಡ ಎಂದರೆ ಹುಳುಮನೆಯಲ್ಲೇ ಇರುತ್ತೇನೆ. ಮಗು ಮುಂದಿನ ವರ್ಷ ಆಗಲಿ, ಅದರ ಮುಂದಿನ ವರ್ಷ ಆಗಲಿ. ಆಗದೆ ಹೋದರೂ ಹೋಗಲಿ, ನನ್ನ ಬಾಯಿಂದ ಇನ್ನು ಆ ಮಾತು ಬಂದರೆ ಕೇಳು. ಊರವರು ಕೇಳಿದರೆ ಉತ್ತರ ಕೊಡಲು ನನ್ನ ಬಾಯಿ ಇದೆ, ಅದನ್ನು ಒಂದು ಸಲವಾದರೂ ಒಳ್ಳೆಯದಕ್ಕೆ ಉಪಯೋಗಿಸುತ್ತೇನೆ. ಕೋನಪ್ಪನಿಗೂ ಫೋನ್ ಮಾಡಿ ಹೇಳಿದ್ದೇನೆ, ಮದ್ದು ಕೊಡುವ ಮೊದಲು ಆ ಹೆಣ್ಣುಮಕ್ಕಳು ಬೇರೆ ಏನು ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳು ಎಂದು. ಅವನು "ಆಯ್ತು ತಾಯಿ" ಎಂದ. ಕೇಳುತ್ತಾನೋ ಇಲ್ಲವೋ ತಿಳಿಯದು.

ಹುಣಸೆಹಣ್ಣು ಹಾಕಿದ ಸಾರು ಉಣ್ಣು. ಇಷ್ಟು ದಿನ ಸಪ್ಪೆ ತಿಂದು ನಾಲಿಗೆ ಸತ್ತಿರಬೇಕು. ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ, ಅವರು ಒಪ್ಪಿದರೆ. ನಿನ್ನ ಮೈಗೆ ಶಕ್ತಿ ಬರಲಿ, ಮನಸ್ಸಿಗೆ ನಿದ್ದೆ ಬರಲಿ. ನೂರು ಕಾಲ ಬಾಳು, ತಾಯಿ.

ನಿನ್ನ ದಾರಿ ಕಾಯುತ್ತಿರುವ ಅತ್ತೆ,
ಓಬಳಮ್ಮ

ಸಹಿ ಮಾಡಿದ ಮೇಲೆ:

ಲಕೋಟೆ ಅಂಟಿಸಲು ಕೂತವಳು ಮತ್ತೆ ಪೆನ್ನು ತೆಗೆದೆ. ಈ ಕೊನೆಯ ಹಾಳೆಯನ್ನು ಓದಿ ಒಲೆಗೆ ಹಾಕಿಬಿಡು.

ಮುರಳಿ ಹುಟ್ಟಿದ ಮೇಲೆ ಏಳು ತಿಂಗಳು ನಾನು ಅವನನ್ನು ಮನಸ್ಸಿಟ್ಟು ಎತ್ತಿಕೊಳ್ಳಲಿಲ್ಲ. ಬಾಣಂತನಕ್ಕೆ ಚಿಂತಾಮಣಿ ಕಡೆ ನಮ್ಮಮ್ಮನ ಮನೆಯಲ್ಲಿದ್ದೆ. ಅವನು ಅತ್ತರೆ ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ತೋಟದ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ, ಅಮ್ಮ ಬಂದು ಸೆರಗು ಹಿಡಿದು ಎಳೆದುಕೊಂಡು ಹೋದಳು. ಗಾಳಿ ಮೆಟ್ಟಿದೆ ಎಂದರು, ತಾಯಿತ ಕಟ್ಟಿಸಿದರು. ಯಾವುದು ಬಿಟ್ಟಿತೋ, ವರ್ಷದ ಹೊತ್ತಿಗೆ ತಾನಾಗಿಯೇ ಬಿಟ್ಟಿತು. ಅವನಿಗೆ ನಾಲ್ಕು ವರ್ಷವಾದಾಗ ಮತ್ತೆ ಬಸುರಾದೆ. ಮತ್ತೆ ಆ ಬಾವಿಯ ಕಟ್ಟೆಯೇ ಕಣ್ಣಿಗೆ ಬಂತು. ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದು ಚಿಂತಾಮಣಿಗೆ ಹೋಗಿ ತೆಗೆಸಿಕೊಂಡು ಬಂದೆ. ಬಸಿರು ನಿಲ್ಲಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿನ್ನ ಮಾವ ಇವತ್ತಿಗೂ ಹಾಗೆಂದೇ ನಂಬಿದ್ದಾರೆ. ಅದು ಬದುಕಿದ್ದಿದ್ದರೆ ನಿನಗಿಂತ ಒಂದು ವರ್ಷ ಚಿಕ್ಕದು.

ಮುರಳಿ ಆ ಡಬ್ಬಿಯನ್ನು ನನ್ನ ಮುಂದೆ ಹಿಡಿದಾಗ ನೀನು ನನ್ನ ಮುಖದಲ್ಲಿ ಕಂಡದ್ದನ್ನು ಸಿಟ್ಟು ಅಂದುಕೊಂಡಿದ್ದೀಯ. ಅದು ಹೊಟ್ಟೆಕಿಚ್ಚು ಕಣೇ. ಇದಕ್ಕೊಂದು ಮಾತ್ರೆ ಇತ್ತು, ನನಗೆ ಯಾರೂ ಕೊಡಲಿಲ್ಲ.